ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಡ್ರೈವಿಂಗ್ ಶಾಲೆಯ ಮುಂದಿನ ಕೋಣೆ
ಹದಿನಾಲ್ಕನೇ ತಾರೀಖು, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಸೊಂಟದ ಹೊಲಿಗೆ ಪೂರ್ತಿ ಒಣಗಿದೆ ಎಂದು ತಂಗಿ ಹೇಳಿದಳು. ದಿನಕ್ಕೆ ಮೂರು ಸಲ ನಡೆಯಬೇಕೆಂದು ಡಾಕ್ಟರು ಹೇಳಿದ್ದಕ್ಕೆ ನೀವು ಎರಡು ಸಲ ನಡೆದು, ಮೂರನೆಯದನ್ನು ಪೇಪರ್ ಓದುತ್ತಾ ಕಳೆಯುತ್ತೀರಂತೆ. ಅದನ್ನೂ ಅವಳೇ ಹೇಳಿದಳು. ಅವಳ ಮೇಲೆ ರೇಗಬೇಡಿ. ಮಂಡಿಗಿಂತ ತಗ್ಗಾದ ಜಾಗದಲ್ಲಿ ಕೂರಬಾರದು ಎಂಬುದು ನೆನಪಿದೆ ತಾನೆ? ನಿಮ್ಮ ಚಿಕ್ಕ ಅಳಿಯನ ಮೆತ್ತನೆ ಸೋಫಾ ಕಂಡರೆ ನಿಮಗೆ ತಡೆಯುವುದಿಲ್ಲ. ಇಲ್ಲಿ ನಾನೂ ಅಮ್ಮನೂ ಆರೋಗ್ಯವಾಗಿದ್ದೇವೆ. ಫೋನ್ ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ನನ್ನ ಮೊದಲ ವಾಕ್ಯ ಮುಗಿಯುವುದರೊಳಗೆ ನೀವು ಬ್ರೇಕ್ ಹಾಕುತ್ತೀರಿ. ಪಾಠದ ಗಾಡಿಯಲ್ಲಿ ಕಲಿಸುವವರಿಗೆ ಇರುವಂತೆ ನಿಮ್ಮ ಕಡೆ ಯಾವಾಗಲೂ ಒಂದು ಹೆಚ್ಚಿನ ಪೆಡಲ್ ಇರುತ್ತದೆ. ಕಾಗದವನ್ನಾದರೆ ಕೊನೆಯವರೆಗೆ ಓದಲೇಬೇಕು.

ಮೊದಲು ಹಳೆ ಗಾಡಿಯ ಸುದ್ದಿ. ನಮ್ಮ ಅಜ್ಜಿಗೆ (ಹತ್ತೊಂಬತ್ತು ವರ್ಷದ ಗಾಡಿಯನ್ನು ಇನ್ನೇನೆಂದು ಕರೆಯಲಿ) ತಪಾಸಣೆಯಲ್ಲಿ ಪಾಸಾಗಲು ಆಗಲಿಲ್ಲ. ನೀವು ಇಲ್ಲಿದ್ದಾಗ ಎರಡು ಸಲ ತಗಡು ಬೆಸೆಸಿ ಪಾಸು ಮಾಡಿಸಿದ್ದಿರಿ. ಈ ಸಲ ತಪಾಸಣೆಯವರು ನೆಲದ ಹಾಸನ್ನು ಎತ್ತಿ ನೋಡಿದರು. ಕಲಿಯುವವರು ಕಾಲಿಡುವ ಜಾಗದಲ್ಲಿ ತಗಡು ತಿಂದುಹೋಗಿ ರಸ್ತೆ ಕಾಣಿಸುತ್ತಿತ್ತು. "ಇದು ಗಾಡಿನೋ ಜರಡಿನೋ ಮೇಡಂ?" ಎಂದರು. ಮೂವತ್ತನೇ ತಾರೀಖಿನ ಆಚೆ ಅದರಲ್ಲಿ ಪಾಠ ಮಾಡುವಂತಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಹೊಸ ಗಾಡಿ ಬರದಿದ್ದರೆ ಶಾಲೆಗೆ ಬೀಗ. ಇದನ್ನು ಹೇಳಿದಾಗ ನೀವು ಫೋನಿನಲ್ಲಿ ಕೊಟ್ಟ ಅಪ್ಪಣೆ ನನಗೆ ಬಾಯಿಪಾಠವಾಗಿದೆ: "ಕ್ಲಚ್ ಇರೋ ಗಾಡೀನೇ ನೋಡು. ಇಲ್ಲಾಂದ್ರೆ ನಾನು ಬರೋವರೆಗೂ ಕಾಯಿ. ಕ್ಲಚ್ ಇಲ್ಲದ ಗಾಡಿ ಕಲಿಸೋಕೆ ಶಾಲೆ ಯಾತಕ್ಕೆ ಕಣೇ, ಅದನ್ನ ತೊಟ್ಟಿಲ ಮಗು ಓಡಿಸತ್ತೆ."

ಅಪ್ಪಾ, ನಾನು ಕಾಯಲಿಲ್ಲ. ಕ್ಲಚ್ ಇರುವ ಗಾಡಿಯನ್ನೂ ತರಲಿಲ್ಲ. ಕರೆಂಟಿನಿಂದ ಓಡುವ ಗಾಡಿ ತಂದಿದ್ದೇನೆ. ಸೋಮವಾರದಿಂದ ಹಿತ್ತಲ ಶೆಡ್ಡಿನಲ್ಲಿ ನಿಂತಿದೆ. ನಿಮ್ಮನ್ನು ಕೇಳಲು ಅಲ್ಲ, ತಿಳಿಸಲು ಬರೆಯುತ್ತಿದ್ದೇನೆ. ಆದರೆ ಸುಮ್ಮನೆ ತಿಳಿಸಿದರೆ ನೀವು ಒಪ್ಪುವವರಲ್ಲ. ಇಪ್ಪತ್ತಮೂರಕ್ಕೆ ಸೊಂಟದ ತಪಾಸಣೆಗೆಂದು ಇಲ್ಲಿಗೆ ಬಂದವರು ಶೆಡ್ಡು ನೋಡಿ ಮುಖ ತಿರುಗಿಸಿ ಮುಂದಿನ ರೈಲಿಗೇ ತಂಗಿಯ ಮನೆಗೆ ಹೊರಟುಬಿಟ್ಟರೆ, ಆ ಗಾಡಿ ಇದ್ದೂ ನನಗೆ ಶಾಲೆ ಇಲ್ಲದ ಹಾಗೆ. ಶಾಲೆ ಎಂದರೆ ನನಗೆ ಇಂದಿಗೂ ನೀವೇ. ಆದ್ದರಿಂದ ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ತೀರ್ಪು ಆಮೇಲೆ ಕೊಡಿ.

ಮೊದಲು ನಾನೂ ನಿಮ್ಮ ಅಪ್ಪಣೆಯಂತೆಯೇ ಹೊರಟವಳು. ಯಾವ ಕ್ಲಚ್ ಗಾಡಿ ಕೊಂಡರೆ ಕಲಿಯುವವರಿಗೆ ಉಪಯೋಗ, ಅವರ ಮನೆಗಳಲ್ಲಿ ಯಾವುದಿದೆ ಎಂದು ತಿಳಿಯಲು ಕಳೆದ ಎರಡು ವರ್ಷಗಳಲ್ಲಿ ನಮ್ಮಲ್ಲಿ ಪಾಸಾದವರಿಗೆ ಫೋನ್ ಮಾಡಿದೆ. ನಲವತ್ತು ಜನ ಸಿಕ್ಕರು. ಕ್ಲಚ್ ಗಾಡಿ ಓಡಿಸುವವರು ಒಂಬತ್ತು. ಕ್ಲಚ್ ಇಲ್ಲದ್ದನ್ನು ಓಡಿಸುವವರು ಹದಿನಾಲ್ಕು. ಉಳಿದ ಹದಿನೇಳು ಜನ ಏನನ್ನೂ ಓಡಿಸುವುದಿಲ್ಲ ಅಪ್ಪಾ. ನಾನು ಎರಡು ಸಲ ಕೂಡಿ ನೋಡಿದೆ, ಹದಿನೇಳೇ. ಮೂಲೆಯ ಔಷಧಿ ಅಂಗಡಿಯಾಕೆ, "ಲೈಸನ್ಸ್ ಭದ್ರವಾಗಿದೆ ಮೇಡಂ, ಪರ್ಸಿನ ಒಳಗಡೆ ಜಿಪ್ಪಲ್ಲಿ" ಎಂದು ನಕ್ಕಳು. ದರ್ಜಿ ಹೇಳಿದ್ದು: "ಏರಲ್ಲಿ ನಿಂತ್ರೆ ಗಾಡಿ ಹಿಂದಕ್ಕೆ ಜಾರತ್ತೆ, ನನ್ನ ಜೀವ ಬಾಯಿಗೆ ಬರತ್ತೆ. ಬಸ್ಸೇ ವಾಸಿ." ಯಾಕೆ ಬಿಟ್ಟಿರಿ ಎಂದು ಒಬ್ಬೊಬ್ಬರನ್ನೂ ಕೇಳಿದೆ. ಹದಿನೇಳರಲ್ಲಿ ಹದಿಮೂರು ಜನ ಹೇಳಿದ್ದು ಒಂದೇ ಕಥೆ. ಗಿಜಿಗುಡುವ ರಸ್ತೆ, ಮುಂದಿನ ಗಾಡಿ ನಿಂತಿತು, ಹೊರಡುವಾಗ ಕ್ಲಚ್ಚಿನಿಂದ ಎಡಗಾಲು ಬೇಗ ಎದ್ದು ಎಂಜಿನ್ ಆಫ್ ಆಯಿತು, ಹಿಂದಿನವರು ಹಾರ್ನ್ ಬಾರಿಸಿದರು, ಕೈಕಾಲು ಆಡಲಿಲ್ಲ. ನಮ್ಮ ಊರಿನ ರಸ್ತೆಗಳಲ್ಲಿ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಒಂದು ಗಂಟೆಯ ಪಾಠದಲ್ಲಿ ಎಷ್ಟು ಸಲ ನಿಂತು ಹೊರಡುತ್ತೇವೆ ಎಂದು ಒಂದು ವಾರ ಎಣಿಸಿದೆ. ಕಡಿಮೆಯೆಂದರೆ ಅರವತ್ತು ಸಲ, ಸಂಜೆ ಐದರ ಪಾಠದಲ್ಲಿ ನೂರ ಹತ್ತು. ಕಲಿಯುವವನಿಗೆ ನೂರ ಹತ್ತು ಸಲ ಪರೀಕ್ಷೆ!

ಇಲ್ಲಿಂದ ಮುಂದಿನದು ನಿಮಗೆ ಇಷ್ಟವಾಗಲಿಕ್ಕಿಲ್ಲ. ಆ ಹದಿಮೂರು ಜನರಲ್ಲಿ ಎಂಟು ಜನ ಇನ್ನೊಂದು ಮಾತನ್ನೂ ನೆನಪಿಟ್ಟುಕೊಂಡಿದ್ದಾರೆ. ಔಷಧಿ ಅಂಗಡಿಯಾಕೆ ಅದನ್ನು ನಿಮ್ಮ ಧ್ವನಿಯಲ್ಲೇ ಮಾಡಿ ತೋರಿಸಿದಳು: "ಇಳೀಮ್ಮಾ ಇಳಿ, ನಾನ್ ತೆಗೀತೀನಿ." ಆಮೇಲೆ, "ಇಳಿದವಳು ಮತ್ತೆ ಹತ್ತಲೇ ಇಲ್ಲ ನೋಡಿ ಮೇಡಂ" ಎಂದಳು. ಎಂಟರಲ್ಲಿ ಐದು ಜನಕ್ಕೆ ಹಾಗೆ ಹೇಳಿದ್ದು ನೀವು, ಮೂರು ಜನಕ್ಕೆ ನಾನು. ತಪ್ಪನ್ನು ನಿಮ್ಮೊಬ್ಬರ ತಲೆಗೆ ಕಟ್ಟುತ್ತಿಲ್ಲ. ಹಿಂದೆ ಇಪ್ಪತ್ತು ಗಾಡಿ ಬೊಬ್ಬೆ ಹಾಕುವಾಗ ಕಲಿಯುವವರನ್ನು ಇಳಿಸಿ ನಾವು ಗಾಡಿ ತೆಗೆಯುವುದು ಉಪಕಾರವೆಂದೇ ನಾವಿಬ್ಬರೂ ತಿಳಿದಿದ್ದೆವು. ರಸ್ತೆಗೇನೋ ಉಪಕಾರವೇ. ಆದರೆ ಸೀಟು ಬಿಟ್ಟು ಇಳಿದು, ಎಲ್ಲರ ಕಣ್ಣೆದುರು ಗಾಡಿಯನ್ನು ಸುತ್ತಿ ಬಂದು ಆಚೆ ಬಾಗಿಲಲ್ಲಿ ಹತ್ತುವವರಿಗೆ ಏನಾಗುತ್ತದೆ ಎಂದು ನಾವು ಕೇಳಿರಲಿಲ್ಲ. ನಾವು ಜನರಿಗೆ ಲೈಸನ್ಸು ಕೊಡಿಸಿದ್ದೇವೆ ಅಪ್ಪಾ, ಗಾಡಿ ಕೊಡಿಸಿಲ್ಲ.

ಈ ಲೆಕ್ಕವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಾಗ ಅಮ್ಮ ತಟ್ಟೆ ಇಡಲು ಬಂದವಳು ಪಟ್ಟಿ ನೋಡಿ, "ನಲವತ್ತೊಂದು ಅಂತ ಬರ್ಕೋ. ಹದಿನೆಂಟು ಜನ ಓಡಿಸಲ್ಲ" ಎಂದಳು. ನನಗೆ ತಕ್ಷಣ ಅರ್ಥವಾಗಲಿಲ್ಲ. ಶಾಲೆಯ ಮೊದಲ ವಿದ್ಯಾರ್ಥಿ ಅಮ್ಮ ಎಂದು ನೀವು ಬಂದವರಿಗೆಲ್ಲ ಹೇಳುತ್ತಿದ್ದಿರಿ. ಪಾಸಾದ ಮುಂದಿನ ವಾರ ಮೇಲ್ಸೇತುವೆಯ ಏರಿನಲ್ಲಿ ಮೂರು ಸಲ ಎಂಜಿನ್ ಆಫ್ ಮಾಡಿಕೊಂಡು ಅಲ್ಲೇ ನಿಂತುಬಿಟ್ಟ ಕಥೆಯನ್ನೂ ಸೇರಿಸುತ್ತಿದ್ದಿರಿ: "ನಿಮ್ಮಮ್ಮ ಸೇತುವೆ ಮೇಲೆ ಬೇರು ಬಿಟ್ಟಿದ್ಲು, ನಾನು ಕಿತ್ಕೊಂಡು ಬಂದೆ." ನಾವೆಲ್ಲ ನಗುತ್ತಿದ್ದೆವು. ಅಮ್ಮನೂ ನಗುತ್ತಿದ್ದಳು. ಮೂವತ್ತೊಂದು ವರ್ಷಗಳಲ್ಲಿ ಅವಳು ಒಂದು ದಿನವೂ ಸ್ಟಿಯರಿಂಗ್ ಮುಟ್ಟಲಿಲ್ಲ. ಆದರೆ ಲೈಸನ್ಸನ್ನು ಪ್ರತಿ ಸಲವೂ ತಪ್ಪದೆ ನವೀಕರಿಸಿಕೊಂಡು ಬಂದಿದ್ದಾಳೆ. ಪ್ರತಿ ಸಲ ಹೊಸ ಫೋಟೋ, ಕಣ್ಣಿನ ಪರೀಕ್ಷೆ, ಸಾಲಿನಲ್ಲಿ ನಿಲ್ಲುವುದು. ನೀವು ಅದಕ್ಕೂ "ಓಡಿಸದ ಗಾಡಿಗೆ ಲೈಸನ್ಸು ಯಾಕೆ ಮಾರಾಯ್ತಿ" ಎಂದು ತಮಾಷೆ ಮಾಡಿದ್ದೀರಿ. ಅವತ್ತು ನಾನು ಮೊದಲ ಸಲ ತಮಾಷೆ ಬಿಟ್ಟು ಕೇಳಿದೆ: ಯಾಕಮ್ಮಾ? ಅವಳು ತಟ್ಟೆ ಒರೆಸುತ್ತಲೇ ಹೇಳಿದಳು: "ಬಿಡ್ತೀನಿ ಅಂತ ನಾನು ಯಾವತ್ತು ಹೇಳಿದ್ದೆ? ಇಳಿ ಅಂದ್ರು, ಇಳಿದೆ. ಹತ್ತು ಅಂತ ಯಾರೂ ಅನ್ನಲಿಲ್ಲ."

ಮರುದಿನ ನಾನು ಕರೆಂಟ್ ಗಾಡಿ ನೋಡಲು ಹೊರಟೆ. ಅಮ್ಮನನ್ನೂ ಕರೆದುಕೊಂಡು ಹೋದೆ. ಮೂರು ಗಾಡಿ ನೋಡಿದೆವು. ಕಂಪನಿಯ ಹೆಸರುಗಳು ನಾಲಿಗೆಗೆ ಹತ್ತದ್ದರಿಂದ ಅಮ್ಮ ತಾನೇ ಹೆಸರಿಟ್ಟಳು: ಆನೆ, ಸೋಪು, ಡಬ್ಬಿ. ಆನೆ ಎತ್ತರದ ದೊಡ್ಡ ಗಾಡಿ. ಒಮ್ಮೆ ಚಾರ್ಜ್ ಮಾಡಿದರೆ ನಾನೂರ ಐವತ್ತು ಕಿಲೋಮೀಟರು ಓಡುತ್ತದೆ ಎಂದು ಮಾರುವವನು ಅದನ್ನೇ ಏಳು ಸಲ ಹೇಳಿದ. ನಾನು ಡೈರಿ ತೆಗೆದು ತೋರಿಸಿದೆ. ಮೂರು ವಾರ ಪ್ರತಿದಿನ ಬರೆದಿಟ್ಟಿದ್ದೆ: ದಿನಕ್ಕೆ ಆರು ಪಾಠ, ಪಾಠಕ್ಕೆ ಎಂಟು ಒಂಬತ್ತು ಕಿಲೋಮೀಟರು, ಅತಿ ಹೆಚ್ಚು ಓಡಿದ ದಿನ ಎಪ್ಪತ್ತೊಂದು. ಉಳಿದ ಮುನ್ನೂರ ಎಂಬತ್ತು ಕಿಲೋಮೀಟರನ್ನು ನಾನೇನು ಉಪ್ಪು ಹಾಕಿ ಇಡಲೇ? ಅಷ್ಟು ದೊಡ್ಡ ಬ್ಯಾಟರಿಯ ಭಾರವನ್ನು ದಿನವಿಡೀ ಟ್ರಾಫಿಕ್ಕಿನಲ್ಲಿ ಸುಮ್ಮನೆ ಹೊತ್ತು ತಿರುಗಬೇಕು. ಅಲ್ಲದೆ ನಮ್ಮ ಶೆಡ್ಡಿನ ಗೇಟನ್ನು ಟೇಪಿನಿಂದ ಅಳೆದುಕೊಂಡೇ ಹೋಗಿದ್ದೆ. ಆನೆ ಒಳಗೆ ಬರುತ್ತದೆ, ಆದರೆ ಬಂದ ಮೇಲೆ ಬಾಗಿಲು ತೆರೆಯಲು ಆಗುವುದಿಲ್ಲ. ಗಾಡಿಯಲ್ಲೇ ಸಂಸಾರ ಮಾಡಬೇಕಾಗುತ್ತದೆ ಎಂದಳು ಅಮ್ಮ.

ಸೋಪು ನೋಡಲು ಬಹಳ ಚಂದ, ಎಲ್ಲ ಕಡೆ ನುಣುಪು. ಅದರಲ್ಲಿ ಕೂತರೆ ಗಾಡಿಯ ಮೂಗು ಎಲ್ಲಿ ಮುಗಿಯಿತು, ಬಾಲ ಎಲ್ಲಿ ಮುಗಿಯಿತು ತಿಳಿಯುವುದಿಲ್ಲ. ಹಿಂದಿನ ಗಾಜು ಅಂಚೆ ಪೆಟ್ಟಿಗೆಯ ಬಾಯಿಯಷ್ಟು. ಪರದೆಯಲ್ಲಿ ಎಲ್ಲ ಕಾಣುತ್ತದೆ ಎಂದರು. ಕಲಿಯುವವರು ಪರದೆ ನೋಡುವುದನ್ನು ಕಲಿತರೆ ರಸ್ತೆ ನೋಡುವುದನ್ನು ಯಾವಾಗ ಕಲಿಯುವುದು? ಸೀಟಿನ ಎತ್ತರವನ್ನೂ ಅಳೆದೆ. ನಿಮ್ಮ ಮಂಡಿಗಿಂತ ನಾಲ್ಕು ಬೆರಳು ಕೆಳಗೆ. ಅಲ್ಲಿಗೆ ಸೋಪು ಕರಗಿತು. ಉಳಿದದ್ದು ಡಬ್ಬಿ. ಚೌಕ ಮುಖ, ದೊಡ್ಡ ಗಾಜುಗಳು, ಕೂತಲ್ಲಿಂದಲೇ ನಾಲ್ಕು ಮೂಲೆಯೂ ಕಾಣುತ್ತದೆ. ನೂರ ಎಂಬತ್ತು ಕಿಲೋಮೀಟರು ಓಡುತ್ತದೆ ಎನ್ನುತ್ತಾರೆ; ಎಸಿ ಹಾಕಿ, ಕಲಿಯುವವರ ಕಾಲಿಗೆ ಕೊಟ್ಟರೆ ನೂರ ಮೂವತ್ತು ಎಂದು ಇಟ್ಟುಕೊಳ್ಳೋಣ. ನಮಗೆ ಬೇಕಾದ್ದು ಎಪ್ಪತ್ತೊಂದು. ನಮ್ಮ ಶಾಲೆ ಇರುವ ಬೀದಿಯಲ್ಲೇ, ಎದುರು ಗಾಡಿ ನಿಂತಿದ್ದರೂ, ಹಿಂದೆಮುಂದೆ ಮಾಡದೆ ಒಂದೇ ಸಲಕ್ಕೆ ತಿರುಗಿತು. ಸೀಟಿಗೆ ಹತ್ತುವುದೂ ಬೇಡ, ಇಳಿಯುವುದೂ ಬೇಡ; ಕುರ್ಚಿಯಲ್ಲಿ ಕೂತಂತೆ ಕೂರಬಹುದು. ಮೆಕ್ಯಾನಿಕ್ ಬಂದು ನಮ್ಮ ಕಡೆಗೆ ಎರಡನೇ ಬ್ರೇಕ್ ಪೆಡಲ್ ಕೂರಿಸಲು ಜಾಗವಿದೆ ಎಂದು ಒಪ್ಪಿದ ಮೇಲೆಯೇ ನಾನು ಹೂಂ ಅಂದದ್ದು.

ಈಗ ನನ್ನ ಮಾನ ಹೋದ ಕಥೆ. ಇದನ್ನು ಓದಿ ನಗುವ ಹಕ್ಕು ನಿಮಗಿದೆ. ಡಬ್ಬಿಯನ್ನು ಪರೀಕ್ಷೆಗೆ ಓಡಿಸುವಾಗ ನಾನು ಇಪ್ಪತ್ತೆರಡು ವರ್ಷದಿಂದ ಕಲಿಸುವವಳು ಎಂದು ಮಾರುವವನಿಗೆ ಜೋರಾಗಿಯೇ ಹೇಳಿದ್ದೆ. ಮುಂದೆ ಬಸ್ಸು ನಿಧಾನವಾಯಿತು. ನನ್ನ ಎಡಗಾಲು ತಾನಾಗಿ ಎದ್ದು ಕ್ಲಚ್ಚನ್ನು ಪೂರ್ತಿ ಒತ್ತಿತು. ಅಲ್ಲಿ ಕ್ಲಚ್ ಎಲ್ಲಿಂದ ಬರಬೇಕು? ಸಿಕ್ಕಿದ್ದು ಅಗಲವಾದ ಬ್ರೇಕ್. ಗಾಡಿ ಗೋಡೆಗೆ ಬಡಿದಂತೆ ನಿಂತಿತು, ಮಾರುವವನ ಕನ್ನಡಕ ಅವನ ಮಡಿಲಿಗೆ ಬಿತ್ತು. "ಕಲಿಸ್ತೀನಿ ಅಂದ್ರಲ್ಲಾ ಮೇಡಂ, ಕಲೀತೀನಿ ಅಂದ್ರಾ?" ಎಂದು ಕೇಳಿದ. ಅರ್ಧ ಗಂಟೆಯಲ್ಲಿ ಹಾಗೆ ನಾಲ್ಕು ಸಲ ಮಾಡಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಮಾನಕ್ಕೋ ಹಟಕ್ಕೋ, ಖಾಲಿ ಮೈದಾನದ ಪಕ್ಕದ ರಸ್ತೆಯಲ್ಲಿ ನಿಲ್ಲಿಸಿ, "ಅಷ್ಟು ನಗು ಬರತ್ತಲ್ಲ, ಬಾ, ಹತ್ತು" ಎಂದೆ.

ಅವಳು ನಗು ನಿಲ್ಲಿಸಿದಳು. ಸೆರಗು ಸರಿಮಾಡಿಕೊಂಡು ಇಳಿದು ಬಂದು ಹತ್ತಿದಳು. ಸೀಟು ಮುಂದಕ್ಕೆ ಎಳೆದಳು, ಮೂರೂ ಕನ್ನಡಿ ಸರಿಮಾಡಿಕೊಂಡಳು, ಬೆಲ್ಟ್ ಹಾಕಿದಳು. ಮೂವತ್ತೊಂದು ವರ್ಷದ ಹಿಂದೆ ನೀವು ಕಲಿಸಿದ ಕ್ರಮದಲ್ಲೇ, ಒಂದೂ ತಪ್ಪಲಿಲ್ಲ. ಎಡಗಾಲನ್ನು ಸೀಟಿನ ಬುಡಕ್ಕೆ ಎಳೆದುಕೊಂಡು ಸುಮ್ಮನೆ ಇಟ್ಟಳು. ಮರೆಯಬೇಕಾದ ಅಭ್ಯಾಸ ಆ ಕಾಲಿಗೆ ಇರಲೇ ಇಲ್ಲ ಅಪ್ಪಾ. ಗಾಡಿ ಹೊರಟಿದ್ದೇ ತಿಳಿಯಲಿಲ್ಲ. ಈ ಗಾಡಿಯಲ್ಲಿ ಬಲಗಾಲನ್ನು ಮೆಲ್ಲಗೆ ಎತ್ತಿದರೆ ಸಾಕು, ಅದೇ ನಿಧಾನವಾಗುತ್ತದೆ, ಆ ಓಟದ ಶಕ್ತಿ ಸ್ವಲ್ಪ ಬ್ಯಾಟರಿಗೆ ವಾಪಸು ಹೋಗುತ್ತದೆ. ನನ್ನ ಕೈಯಲ್ಲಿ ಕುಪ್ಪಳಿಸಿದ್ದು ಅವಳ ಕೈಯಲ್ಲಿ ಹರಿಯಿತು. ಮೈದಾನವನ್ನು ಆರು ಸುತ್ತು ಹಾಕಿದಳು. ಇಳಿಯುವಾಗ ಮಾರುವವನು, "ಅಮ್ಮಾ, ಶಾಲೆಯಲ್ಲಿ ಕಲಿಸೋರು ನೀವಾ?" ಎಂದ. ಅವಳು ನನ್ನ ಕಡೆ ತಿರುಗಿ, "ಡಬ್ಬೀನೇ ಇರಲಿ" ಎಂದಳು, ಅಷ್ಟೆ.

ಕುಂದುಗಳನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ನೀವು ಹುಡುಕುತ್ತೀರಿ. ಈ ಗಾಡಿಯಲ್ಲಿ ಪರೀಕ್ಷೆ ಕೊಟ್ಟವರಿಗೆ ನಮ್ಮ ಲೈಸನ್ಸ್ ಕಚೇರಿಯವರು ಕ್ಲಚ್ ಇಲ್ಲದ ಗಾಡಿಯ ಲೈಸನ್ಸನ್ನಷ್ಟೇ ಕೊಡುತ್ತಾರೆ. ಇದು ನಿಜವಾದ ತೊಡಕು. ಲಾರಿ, ಸಾಮಾನಿನ ವ್ಯಾನು ಓಡಿಸಬೇಕೆನ್ನುವವರಿಗೆ ಕ್ಲಚ್ ಬೇಕೇ ಬೇಕು. ಅಂಥವರನ್ನು ಮೀಸೆಯವರ ಶಾಲೆಗೆ ಕಳಿಸುತ್ತೇನೆ. ಹೌದು, ಅದೇ ಮೀಸೆ, ಇಪ್ಪತ್ತು ವರ್ಷದಿಂದ ನೀವು ಮುಖ ಕೊಟ್ಟು ಮಾತಾಡದವರು. ನಾನೇ ಹೋಗಿ ಮಾತಾಡಿದೆ. ಏರು ಕಂಡರೆ ಹೆದರುವವರನ್ನು ಅವರು ನನ್ನಲ್ಲಿಗೆ ಕಳಿಸುತ್ತಾರೆ. "ನಿಮ್ಮಪ್ಪ ಇದಕ್ಕೆ ಒಪ್ಪಿದ್ರಾ?" ಎಂದು ಮೂರು ಸಲ ಕೇಳಿದರು. ಒಪ್ಪುತ್ತಾರೆ ಎಂದು ಮೂರು ಸಲವೂ ಹೇಳಿದೆ. ನನ್ನನ್ನು ಸುಳ್ಳಿ ಮಾಡಬೇಡಿ. ಇನ್ನು ಚಾರ್ಜಿಂಗ್. ನೀರಿನ ಪಂಪಿನ ಹಳೆ ಪ್ಲಗ್ಗಿಗೆ ಹಚ್ಚಬಾರದೆಂದು ಎಲೆಕ್ಟ್ರಿಷಿಯನ್ ಶೆಡ್ಡಿಗೆ ಬೇರೆ ಲೈನ್ ಎಳೆದು, ಅರ್ತ್ ಮಾಡಿ ಹೋಗಿದ್ದಾನೆ. ಸಂಜೆ ಕೊನೆಯ ಪಾಠ ಮುಗಿಸಿ ಹಚ್ಚಿದರೆ ಬೆಳಗ್ಗೆ ತುಂಬಿರುತ್ತದೆ. ಕರೆಂಟು ಹೋದರೆ ಎನ್ನುತ್ತೀರಿ. ಹೋಗಲಿ, ಪೂರ್ತಿ ತುಂಬಿದ ಗಾಡಿಗೆ ಒಂದು ದಿನ ಚಾರ್ಜ್ ಇಲ್ಲದಿದ್ದರೂ ಮರುದಿನದ ಆರೂ ಪಾಠಕ್ಕೆ ಸಾಲುತ್ತದೆ, ಲೆಕ್ಕ ಹಾಕಿದ್ದೇನೆ. ನನ್ನ ಎಡಗಾಲಿನ ಚಟ ಮಾತ್ರ ಇನ್ನೂ ಬಿಟ್ಟಿಲ್ಲ. ಮೂರು ದಿನ ಎಡಗಾಲಿನ ಚಪ್ಪಲಿ ಕಳಚಿಟ್ಟು ಓಡಿಸಿದೆ, ಬರಿಗಾಲು ಎದ್ದರೆ ತಕ್ಷಣ ಗೊತ್ತಾಗಲಿ ಎಂದು. ಈಗ ದಿನಕ್ಕೆ ಒಂದು ಸಲಕ್ಕೆ ಇಳಿದಿದೆ.

ಒಂದು ನಿಯಮವನ್ನೂ ಮಾಡಿದ್ದೇನೆ, ಇದು ಗಾಡಿಗಿಂತ ದೊಡ್ಡದು. ನಮ್ಮ ಶಾಲೆಯಲ್ಲಿ ಇನ್ನು ಮುಂದೆ ರಸ್ತೆಯ ನಡುವೆ ಯಾರನ್ನೂ ಸೀಟಿನಿಂದ ಇಳಿಸುವುದಿಲ್ಲ. ಹಿಂದೆ ಇಪ್ಪತ್ತಲ್ಲ, ಇನ್ನೂರು ಗಾಡಿ ಬೊಬ್ಬೆ ಹಾಕಲಿ. ನಿಲ್ಲಿಸಿದವರೇ ಹೊರಡಿಸಬೇಕು; ಪಕ್ಕದಲ್ಲಿ ಕೂತವರು ಕಾಯಬೇಕು. ಅಪಾಯ ಬಂದರೆ ಮಾತ್ರ ನಮ್ಮ ಬ್ರೇಕ್. ನಿನ್ನೆ ಔಷಧಿ ಅಂಗಡಿಯಾಕೆ ಪರ್ಸಿನ ಜಿಪ್ಪಿನಿಂದ ಲೈಸನ್ಸ್ ತೆಗೆದುಕೊಂಡು ಬಂದಿದ್ದಳು. ಮುಂದಿನ ವಾರಕ್ಕೆ ಹದಿನೇಳರಲ್ಲಿ ಹನ್ನೊಂದು ಜನ ಹೆಸರು ಬರೆಸಿದ್ದಾರೆ. ಅಷ್ಟು ಜನರನ್ನು ನಾನೊಬ್ಬಳೇ ನೋಡಿಕೊಳ್ಳಲಾರೆ. ಪಕ್ಕದ ಸೀಟಿನಲ್ಲಿ ಕೂತು ಕಾಯುವ ಕೆಲಸಕ್ಕೆ ಆಪರೇಷನ್ ಆದ ಸೊಂಟ ಅಡ್ಡಿಯಲ್ಲ ಎಂದು ಡಾಕ್ಟರನ್ನೇ ಕೇಳಿ ತಿಳಿದಿದ್ದೇನೆ. ಸುಮ್ಮನೆ ಕಾಯುವುದಕ್ಕೆ ಅಡ್ಡಿ ಬೇರೆ ಏನಾದರೂ ಇದ್ದರೆ ಅದು ನಿಮಗೇ ಗೊತ್ತು.

ತಂಗಿಗೆ, ಅವಳ ಯಜಮಾನರಿಗೆ ನನ್ನ ನೆನಪು ತಿಳಿಸಿ, ಪುಟ್ಟಿಗೆ ಮುತ್ತು. ಮೂರನೆಯ ನಡಿಗೆ ತಪ್ಪಿಸಬೇಡಿ. ನಿಮ್ಮ ಪಾದಕ್ಕೆ ನಮಸ್ಕಾರ, ಎಡಗಾಲಿಗೂ ಸೇರಿಸಿ.

ನಿಮ್ಮ ದೊಡ್ಡ ಮಗಳು

ತಾ.ಕ.: ಮೂರು ಗಂಟೆಯ ಪಾಠಕ್ಕೆ ಜನ ಬಂದು ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇಪ್ಪತ್ತಮೂರರಂದು ಸ್ಟೇಷನ್ನಿನಿಂದ ಟ್ಯಾಕ್ಸಿ ಹಿಡಿಯಬೇಡಿ. ಅಮ್ಮ ಕರೆದುಕೊಂಡು ಹೋಗಲು ಬರುತ್ತಾಳೆ. ನಾನು ಜೊತೆಗೆ ಬರುವುದಿಲ್ಲ, ಬರಬೇಡ ಎಂದಿದ್ದಾಳೆ. ಮಂಗಳವಾರದಿಂದ ದಿನಾ ಬೆಳಗ್ಗೆ ಎಂಟೂವರೆಯ ಗದ್ದಲದಲ್ಲೇ ಸ್ಟೇಷನ್ನಿಗೆ ಹೋಗಿ ಬರುತ್ತಿದ್ದಾಳೆ, ಮೇಲ್ಸೇತುವೆಯ ಮೇಲೇ. ಮೂರು ದಿನ ನಾನು ಪಕ್ಕದಲ್ಲಿದ್ದೆ, ಬಾಯಿ ಮುಚ್ಚಿಕೊಂಡು. ಇವತ್ತು ಒಬ್ಬಳೇ ಹೋದಳು. ನಲವತ್ತೊಂದು ನಿಮಿಷ ನಾನು ಫುಟ್‌ಪಾತಿನ ಮೇಲೆ ನಿಂತಿದ್ದೆ. ಬಂದು ನಿಲ್ಲಿಸಿ, ಕೀ ಕೈಗಿಟ್ಟು, "ಅವರಿಗೆ ಬರಿ, ನಾನು ಬರ್ತೀನಿ ಅಂತ. ಮುಂದಿನ ಸೀಟಲ್ಲೇ ಕೂರಲಿ" ಎಂದಳು. ಸ್ಟೇಷನ್ನಿನ ಎರಡನೇ ಬಾಗಿಲ ಹೊರಗೆ, ನೆರಳಿರುವ ಕಡೆ ನಿಂತಿರಿ. ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟು ನಿಲ್ಲಬೇಡಿ, ಈ ಗಾಡಿ ಬಂದದ್ದು ಕೇಳಿಸುವುದಿಲ್ಲ. ರಸ್ತೆಯ ಕಡೆ ಕಣ್ಣಿಟ್ಟು ಅಮ್ಮನನ್ನು ನೋಡುತ್ತಿರಿ.